ಹೊರದೇಶದ ದುಡಿಮೆ, ಪದವಿಯ ಕ್ರೆಡಿಟ್

ಅಮೆರಿಕದ ಕಾನೂನು ಶಾಲೆಗಳಲ್ಲಿ ಜೆ.ಡಿ. ಪದವಿಗೆ ಓದುವವರು ಕೆಲವು ವಾರವೋ ಇಡೀ ಸೆಮಿಸ್ಟರೋ ಹೊರದೇಶದ ನ್ಯಾಯಾಲಯ, ವಕೀಲರ ಕಚೇರಿ ಇಲ್ಲವೇ ಮಾನವ ಹಕ್ಕು ಸಂಸ್ಥೆಯಲ್ಲಿ ದುಡಿದು, ಆ ದುಡಿಮೆಯನ್ನು ಪದವಿಯ ಲೆಕ್ಕಕ್ಕೆ ಸೇರಿಸಿಕೊಳ್ಳಬಹುದು. ಎಕ್ಸ್‌ಟರ್ನ್‌ಶಿಪ್ ಎಂದು ಕರೆಯಲಾಗುವ ಈ ವ್ಯವಸ್ಥೆಯ ಚೌಕಟ್ಟನ್ನು ಅಮೆರಿಕನ್ ಬಾರ್ ಅಸೋಸಿಯೇಷನ್ನಿನ ಮಾನದಂಡಗಳು ಹಾಕಿಕೊಟ್ಟಿವೆ. ಪದವಿಗೆ ಕನಿಷ್ಠ 83 ಕ್ರೆಡಿಟ್ ಬೇಕು. ಅದರಲ್ಲಿ 64 ತರಗತಿ ಅಥವಾ ಅಧ್ಯಾಪಕರ ನೇರ ಬೋಧನೆಯಿಂದ ಬರಬೇಕು. ಕನಿಷ್ಠ 6 ಕ್ರೆಡಿಟ್ ಕೈಯಾರೆ ಮಾಡಿ ಕಲಿಯುವ ಪಾಠಗಳಿಗೆ ಮೀಸಲು. ಎಕ್ಸ್‌ಟರ್ನ್‌ಶಿಪ್ ಈ ಕೊನೆಯ ಗುಂಪಿಗೆ ಸೇರುತ್ತದೆ.

ಒಂದು ಕ್ರೆಡಿಟ್ಟಿಗೆ ಸುಮಾರು 42ರಿಂದ 45 ಗಂಟೆಗಳ ಕೆಲಸ ಎಂಬುದು ಸಾಮಾನ್ಯ ಲೆಕ್ಕ. ವಾರಕ್ಕೆ 40 ಗಂಟೆಯಂತೆ 12 ವಾರ ದುಡಿದರೆ 480 ಗಂಟೆಯಾಗುತ್ತದೆ, ಹತ್ತು ಕ್ರೆಡಿಟ್ಟಿಗೆ ಅದು ಧಾರಾಳವಾಗಿ ಸಾಲುತ್ತದೆ. ಆದರೆ ಗಂಟೆಗಳನ್ನು ಕೂಡಿಸಿದ ಮಾತ್ರಕ್ಕೆ ಕಲಿಕೆ ಆದಂತಲ್ಲ. ಈ ಪದ್ಧತಿಯನ್ನು ತೂಗಿ ನೋಡಬೇಕಾದುದು ಇಲ್ಲಿಯೇ.

ಕಲಿಕೆಗೆ ಅವಕಾಶವಿರುವುದಂತೂ ನಿಜ. ನೆದರ್ಲೆಂಡ್ಸಿನ ಹೇಗ್ ನಗರದಲ್ಲಿ 1993ರಿಂದ 2017ರವರೆಗೆ ನಡೆದ ಯುಗೊಸ್ಲಾವಿಯ ಯುದ್ಧಾಪರಾಧ ನ್ಯಾಯಮಂಡಳಿಯು ಇಂಥ ವಿದ್ಯಾರ್ಥಿಗಳನ್ನು ದೀರ್ಘಕಾಲ ಬರಮಾಡಿಕೊಂಡಿತು. ಅದು 161 ಜನರ ಮೇಲೆ ದೋಷಾರೋಪ ಹೊರಿಸಿತ್ತು. ಅವರಲ್ಲೊಬ್ಬನಾದ ರಾದೊವಾನ್ ಕರಾಜಿಚ್‌ನ ಮೊಕದ್ದಮೆಯಲ್ಲಿ 2016ರಲ್ಲಿ ಹೊರಬಿದ್ದ ತೀರ್ಪೊಂದೇ 2,500 ಪುಟ ದಾಟಿತ್ತು. ಅಂಥ ತೀರ್ಪಿನಲ್ಲಿ ಸಂಗತಿಯನ್ನು ಹೇಳುವ ವಾಕ್ಯಗಳಿಗೆಲ್ಲ ಅಡಿಟಿಪ್ಪಣಿ ಇರುತ್ತದೆ, ಅಡಿಟಿಪ್ಪಣಿಯಲ್ಲಿ ಸಾಕ್ಷಿಯ ಹೇಳಿಕೆಯ ಪುಟಸಂಖ್ಯೆ ಇರುತ್ತದೆ. ಆ ಪುಟವನ್ನು ತೆರೆದು, ಸಾಕ್ಷಿ ಹೇಳಿದ್ದೂ ಕರಡಿನಲ್ಲಿ ಬರೆದದ್ದೂ ಒಂದೇ ಹೌದೋ ಅಲ್ಲವೋ ಎಂದು ತಾಳೆ ನೋಡುವುದು ಇಂಥ ಕಡೆ ಎಳೆಯರ ಪಾಲಿಗೆ ಬರುವ ಕೆಲಸ. ‘ಕಂಡೆ’ ಎಂದಿದ್ದಾನೆಯೇ, ‘ಕಂಡವರು ಹೇಳಿದರು’ ಎಂದಿದ್ದಾನೆಯೇ ಎಂಬುದನ್ನು ಗಮನಿಸಬೇಕು. ಕೇಳಿದ ಮಾತನ್ನು ಸಾಕ್ಷ್ಯವಾಗಿ ಒಪ್ಪಬಾರದು, ಒಪ್ಪುವುದಾದರೆ ಇಂತಿಂಥ ಅಪವಾದಗಳಲ್ಲಿ ಮಾತ್ರ ಎಂದು ಅಮೆರಿಕದ ವಿದ್ಯಾರ್ಥಿ ಓದಿರುತ್ತಾನೆ. ಹೇಗ್‌ನಲ್ಲಿ ಅದೇ ಮಾತು ದಾಖಲೆಗೆ ಸೇರುತ್ತದೆ. ಅದಕ್ಕೆಷ್ಟು ಬೆಲೆ ಕೊಡಬೇಕೆಂಬುದನ್ನು ನ್ಯಾಯಾಧೀಶರು ಆಮೇಲೆ ತೀರ್ಮಾನಿಸುತ್ತಾರೆ. ಜ್ಯೂರಿ ಇರುವ ನ್ಯಾಯಾಲಯಕ್ಕೆ ಒಗ್ಗುವ ನಿಯಮ ಜ್ಯೂರಿಯೇ ಇಲ್ಲದ ಕಡೆ ಅನಿವಾರ್ಯವಲ್ಲ ಎಂಬುದು ಆಗ ಕೆಲಸದ ನಡುವೆಯೇ ಮನವರಿಕೆಯಾಗುತ್ತದೆ.

ಆದರೆ ಈ ಅರಿವು ತಾನಾಗಿ ಮೂಡುವುದಿಲ್ಲ. ಯಾರೂ ವಿವರಿಸದಿದ್ದರೆ ಪುಟ ತಾಳೆ ನೋಡುವುದು ಬರೀ ಗುಮಾಸ್ತಿಕೆಯಾಗಿ ಉಳಿಯುತ್ತದೆ. ಮಾನದಂಡಗಳು ಇದನ್ನು ಮನಗಂಡಿವೆ. ವಿದ್ಯಾರ್ಥಿ, ಅಧ್ಯಾಪಕ, ಕೆಲಸದ ಸ್ಥಳದ ಹೊಣೆಗಾರ ಈ ಮೂವರ ನಡುವೆ ಲಿಖಿತ ಒಪ್ಪಂದ ಇರಬೇಕು. ಅಧ್ಯಾಪಕರು ಮೇಲ್ವಿಚಾರಕರೊಡನೆ ಸಂಪರ್ಕ ಇಟ್ಟುಕೊಳ್ಳಬೇಕು, ಕೆಲಸ ನಡೆಯುತ್ತಿರುವಾಗಲೇ ವಿದ್ಯಾರ್ಥಿ ಅದರ ಕುರಿತು ಚಿಂತಿಸುವಂತೆ ಮಾಡಬೇಕು, ಕೊನೆಗೆ ತಾವೇ ಮೌಲ್ಯಮಾಪನ ಮಾಡಬೇಕು. ಕಾಗದದ ಮೇಲೆ ಇದು ಅಚ್ಚುಕಟ್ಟಾಗಿದೆ. ಆದರೆ ದೂರ ಹೆಚ್ಚಿದಂತೆ ಅದನ್ನು ಪಾಲಿಸುವುದು ಕಷ್ಟ; ಇದು ಮೊದಲ ಕೊರತೆ. ಅದೇ ಊರಿನ ಕಚೇರಿಗೆ ಅಧ್ಯಾಪಕರು ಹೋಗಿ ನೋಡಿಬರಬಹುದು. ಸಾಗರದಾಚೆಯ ಕಚೇರಿಯ ವಿಷಯದಲ್ಲಿ ವಿಡಿಯೋ ಕರೆ, ವಾರದ ಟಿಪ್ಪಣಿ, ಮೇಲ್ವಿಚಾರಕರ ಪತ್ರ ಇಷ್ಟನ್ನೇ ನೆಚ್ಚಬೇಕಾಗುತ್ತದೆ. ಅದರ ಮೇಲೆ ಗೋಪ್ಯತೆಯ ಕಟ್ಟಳೆ ಬೇರೆ. ವಿದ್ಯಾರ್ಥಿ ಬರೆದ ಅತ್ಯುತ್ತಮ ಕರಡು ಕಚೇರಿಯ ಹೊರಗೆ ಹೋಗುವಂತಿಲ್ಲ, ಅಂಕ ಕೊಡುವವರಿಗೆ ಅದು ಕಣ್ಣಿಗೂ ಬೀಳದಿರಬಹುದು.

ಎರಡನೆಯ ಕೊರತೆ ನ್ಯಾಯಾಲಯದ ಅನುಭವದ್ದು. ಅಮೆರಿಕದ ಹಲವು ರಾಜ್ಯಗಳಲ್ಲಿ ಹಿರಿಯ ವಿದ್ಯಾರ್ಥಿ ವಕೀಲರ ಮೇಲ್ವಿಚಾರಣೆಯಲ್ಲಿ ಕಕ್ಷಿದಾರನ ಪರ ಹಾಜರಾಗಲು ನಿಯಮವೇ ಅವಕಾಶ ಕೊಡುತ್ತದೆ. ಗಡಿ ದಾಟಿದರೆ ಆ ಅನುಮತಿ ಲೆಕ್ಕಕ್ಕಿಲ್ಲ. ಹೊರದೇಶದಲ್ಲಿ ಅವನ ಪಾಲಿಗೆ ಉಳಿಯುವುದು ಸಂಶೋಧನೆ ಮತ್ತು ಕರಡು ಬರಹ. ವಾದಿಸುವುದನ್ನು, ಕಕ್ಷಿದಾರನಿಗೆ ಎದುರು ಕೂತು ಸಲಹೆ ಕೊಡುವುದನ್ನು ಕಲಿಯಬೇಕೆನ್ನುವವನಿಗೆ ಊರಿನ ಉಚಿತ ಕಾನೂನು ನೆರವು ಕೇಂದ್ರವೇ ಮೇಲು.

ಮೂರನೆಯದು ಹಣ. ಹೇಗ್‌ನ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದಲ್ಲಿ ಇಂಟರ್ನ್‌ಶಿಪ್ ಮೂರರಿಂದ ಆರು ತಿಂಗಳದು, ಅದಕ್ಕೆ ಬಹುಕಾಲ ಸಾಮಾನ್ಯವಾಗಿ ಸಂಬಳವಿರಲಿಲ್ಲ. ವಿಮಾನದ ಖರ್ಚು, ಬಾಡಿಗೆ, ವೀಸಾ ಒಂದು ಕಡೆ; ಕ್ರೆಡಿಟ್ ಬೇಕೆಂದರೆ ಕಾನೂನು ಶಾಲೆಗೆ ಶುಲ್ಕ ಇನ್ನೊಂದು ಕಡೆ. ದುಡಿಯುವವನೇ ದುಡ್ಡು ಕಟ್ಟುವ ವಿಚಿತ್ರ ಏರ್ಪಾಡು ಇದು. 2015ರಲ್ಲಿ ಜಿನೀವಾದಲ್ಲಿ ವಿಶ್ವಸಂಸ್ಥೆಯ 22 ವರ್ಷದ ಇಂಟರ್ನ್ ಒಬ್ಬ ಸರೋವರದ ಬಳಿ ಗುಡಾರ ಹಾಕಿಕೊಂಡು ಇದ್ದದ್ದು ಸುದ್ದಿಯಾಗಿ, ಸಂಬಳವಿಲ್ಲದ ದುಡಿಮೆಯ ಚರ್ಚೆ ಜಗತ್ತಿನಾದ್ಯಂತ ಎದ್ದಿತು. ಸಂಬಳ ಬರುವ ಕೆಲಸಕ್ಕೆ ಕ್ರೆಡಿಟ್ ಸಲ್ಲದು ಎಂದಿದ್ದ ನಿಷೇಧವನ್ನು ಅಮೆರಿಕನ್ ಬಾರ್ ಅಸೋಸಿಯೇಷನ್ 2016ರಲ್ಲಿ ತೆಗೆದುಹಾಕಿತು. ಸಂಬಳ, ಕ್ರೆಡಿಟ್ ಎರಡಕ್ಕೂ ಅವಕಾಶ ಕೊಡಬೇಕೋ ಬೇಡವೋ ಎಂಬುದು ಈಗ ಆಯಾ ಶಾಲೆಗೆ ಬಿಟ್ಟದ್ದು. ಆದರೆ ಸಂಬಳವನ್ನೇ ಕೊಡದ ಅಂತರರಾಷ್ಟ್ರೀಯ ಸಂಸ್ಥೆಗಳ ಮಟ್ಟಿಗೆ ಈ ಸಡಿಲಿಕೆಯಿಂದ ಆದ ಪ್ರಯೋಜನ ಅಲ್ಪ.

ಭಾರತದ ಕ್ರಮ ಬೇರೆಯೇ ದಾರಿ ಹಿಡಿದಿದೆ. ಬಾರ್ ಕೌನ್ಸಿಲಿನ 2008ರ ಕಾನೂನು ಶಿಕ್ಷಣ ನಿಯಮಗಳ ಪ್ರಕಾರ ಮೂರು ವರ್ಷದ ಕೋರ್ಸಿಗೆ 12 ವಾರ, ಐದು ವರ್ಷದ್ದಕ್ಕೆ 20 ವಾರ ಇಂಟರ್ನ್‌ಶಿಪ್ ಕಡ್ಡಾಯ. ಆದರೆ ಯಾವ ವರ್ಷವೂ ಒಂದೇ ಸಮನೆ ನಾಲ್ಕು ವಾರ ಮೀರುವಂತಿಲ್ಲ; ವಿಚಾರಣಾ ಮತ್ತು ಮೇಲ್ಮನವಿ ವಕೀಲರ ಬಳಿ ಒಮ್ಮೆಯಾದರೂ ಕೆಲಸ ಮಾಡಿರಬೇಕು. ಡೈರಿ ಬರೆಯಬೇಕು, ಅದಕ್ಕೆ ಅಂಕ ಉಂಟು. ಇಡೀ ಸೆಮಿಸ್ಟರನ್ನು ಹೇಗ್‌ನಲ್ಲಿ ಕಳೆಯುವುದಕ್ಕೆ ಈ ಚೌಕಟ್ಟಿನಲ್ಲಿ ಎಡೆಯಿಲ್ಲ. ಆದರೆ ಹತ್ತಿರದ ಜಿಲ್ಲಾ ನ್ಯಾಯಾಲಯದ ವಕೀಲರ ಬಳಿ ಹೋಗಿಬರಲು ಸಾಲ ಮಾಡಬೇಕಿಲ್ಲ. ವಿದ್ಯಾರ್ಥಿ ಬರೆದದ್ದನ್ನು ಓದಿ ತಿದ್ದುವವರು ಇರುತ್ತಾರೋ ಇಲ್ಲವೋ ಎಂಬ ಪ್ರಶ್ನೆ ಮಾತ್ರ ಎರಡೂ ಕಡೆ ಒಂದೇ.

ಒಟ್ಟಿನಲ್ಲಿ, ಹೊರದೇಶದ ಕೆಲಸಕ್ಕೆ ಕ್ರೆಡಿಟ್ ಕೊಡುವುದು ತಪ್ಪಲ್ಲ; ತುಲನಾತ್ಮಕ ಕಾನೂನನ್ನೂ ಅಂತರರಾಷ್ಟ್ರೀಯ ಕಾನೂನನ್ನೂ ಕಲಿಯಲು ಅದಕ್ಕೆ ಸಾಟಿಯಾದ ತರಗತಿ ಸಿಗುವುದು ಕಷ್ಟ. ಆದರೆ ಆ ಕ್ರೆಡಿಟ್ಟಿಗೆ ಬೆಲೆ ಬರುವುದು ಕೆಲಸವನ್ನು ಓದಿ ತಿದ್ದುವ ಮೇಲ್ವಿಚಾರಕರಿಂದ, ಅದರ ಅರ್ಥ ಬಿಡಿಸಿ ಹೇಳುವ ಅಧ್ಯಾಪಕರಿಂದ. ಅವರಿಬ್ಬರೂ ಇದ್ದು, ಖರ್ಚು ಭರಿಸಲು ವಿದ್ಯಾರ್ಥಿವೇತನವೂ ಇದ್ದರೆ ಈ ಪದ್ಧತಿ ಶಿಕ್ಷಣವೆನಿಸಿಕೊಳ್ಳುತ್ತದೆ. ಇಲ್ಲವಾದರೆ ಉಳ್ಳವರು ತಮ್ಮ ಅರ್ಜಿಗೆ ಶುಲ್ಕ ಕಟ್ಟಿ ಸೇರಿಸಿಕೊಳ್ಳುವ ಒಂದು ಸಾಲಾಗುತ್ತದೆ.