ಎರಡು ಭಾಷೆಗಳ ಸಮೀಕರಣ ಮತ್ತು ಕಾಸರಗೋಡು

2003ರ ಆಗಸ್ಟ್‌ನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಡೇನಿಯಲ್ ಏಬ್ರಮ್ಸ್ ಮತ್ತು ಸ್ಟೀವನ್ ಸ್ಟ್ರೋಗಾಟ್ಸ್ ಅವರ ಒಂದೇ ಪುಟದ ಬರಹವೊಂದು ಪ್ರಕಟವಾಯಿತು. ಭಾಷೆಗಳ ಅಳಿವನ್ನು ಒಂದು ಅವಕಲ ಸಮೀಕರಣದಲ್ಲಿ ಹಿಡಿದಿಡಲು ಯತ್ನಿಸಿದ ಈ ಬರಹ, ಸಂಕೀರ್ಣತಾ ವಿಜ್ಞಾನದಲ್ಲಿ ಮುಂದೆ ಬಂದ ಹಲವು ಭಾಷಾಮಾದರಿಗಳಿಗೆ ಬುನಾದಿಯಾಯಿತು. ಗಡಿಯಾಚೆಯ ಕನ್ನಡವನ್ನು ಕುರಿತು ಚಿಂತಿಸುವವರು ಅದನ್ನು ಓದಬೇಕಾದುದು ಅದು ಸಾಧಿಸಿ ತೋರಿಸುವುದಕ್ಕಿಂತ ಹೆಚ್ಚಾಗಿ, ಸಾಧಿಸದೆಯೇ ಗೃಹೀತವೆಂದು ಇಟ್ಟುಕೊಂಡಿರುವ ಸಂಗತಿಗಳಿಗಾಗಿ.

ಮಾದರಿ ಸರಳ. ಒಂದು ಸಮಾಜದಲ್ಲಿ ಎರಡು ಭಾಷೆಗಳಿವೆ. ಪ್ರತಿಯೊಬ್ಬನೂ ಅವುಗಳಲ್ಲಿ ಒಂದನ್ನು ಮಾತ್ರ ಆಡುತ್ತಾನೆ. ಎಲ್ಲರಿಗೂ ಎಲ್ಲರೊಡನೆ ಸಂಪರ್ಕವಿದೆ. ಒಂದು ಭಾಷೆಯಿಂದ ಇನ್ನೊಂದಕ್ಕೆ ಹೊರಳುವ ಸಂಭವ ಎರಡನೆಯದರ ಆಡುಗರ ಪ್ರಮಾಣವನ್ನೂ ಪ್ರತಿಷ್ಠೆಯನ್ನೂ ಅವಲಂಬಿಸುತ್ತದೆ. ವೇಲ್ಶ್, ಸ್ಕಾಟಿಷ್ ಗೇಲಿಕ್, ಕೆಚುವಾ ಮುಂತಾದವುಗಳ ದತ್ತಾಂಶಕ್ಕೆ ಹೊಂದಿಸಿದಾಗ, ಆಡುಗರ ಪ್ರಮಾಣದ ಮೇಲಿರುವ ಘಾತಾಂಕ ಸರಾಸರಿ 1.31 ಎಂದು ಬಂತು. ಘಾತಾಂಕ 1ಕ್ಕಿಂತ ಹೆಚ್ಚಿದ್ದರೆ ಸಹಬಾಳ್ವೆಯ ಬಿಂದು ಅಸ್ಥಿರ. ಎರಡರಲ್ಲೊಂದು ಭಾಷೆ ಅಳಿಯಲೇಬೇಕು. 1ಕ್ಕಿಂತ ಕಡಿಮೆಯಿದ್ದರೆ ಅದೇ ಸಮೀಕರಣ ಎರಡನ್ನೂ ಉಳಿಸುತ್ತದೆ. ಲೇಖಕರೇ ಕೊಟ್ಟ ವಿಚಲನೆ 0.25. ಹೀಗೆ ಇಡೀ ಮರಣಶಾಸನ ನಿಂತಿರುವುದು ದಶಾಂಶ ಬಿಂದುವಿನ ಆಚೆಗಿನ ಎರಡು ಅಂಕಿಗಳ ಮೇಲೆ. ಅದನ್ನು ವಿಧಿಯೆಂಬಂತೆ ಉಲ್ಲೇಖಿಸುವವರು ಈ ವಿಚಲನೆಯ ಮಾತೆತ್ತುವುದು ಕಡಿಮೆ.

ದ್ವಿಭಾಷಿಕರ ಗೈರುಹಾಜರಿಯನ್ನು ಮೊದಲು ತುಂಬಲು ಹೊರಟವರಲ್ಲಿ ಗಲೀಸಿಯದ ಮೀರಾ ಮತ್ತು ಪರೇದೆಸ್ ಸೇರುತ್ತಾರೆ. 2005ರ ಅವರ ಮಾದರಿಯಲ್ಲಿ ಭಾಷೆಗಳು ಸಾಕಷ್ಟು ಸದೃಶವಾಗಿದ್ದರೆ ದ್ವಿಭಾಷಿಕ ಗುಂಪೊಂದು ಸ್ಥಿರವಾಗಿ ಉಳಿಯಬಲ್ಲದು. ಇದು ನಿಜವಾದ ಮುನ್ನಡೆ. ಆದರೆ ಆ ‘ಸಾದೃಶ್ಯ’ ವ್ಯಾಕರಣದಿಂದಲೋ ಪದಕೋಶದಿಂದಲೋ ಅಳೆದದ್ದಲ್ಲ, ದತ್ತಾಂಶಕ್ಕೆ ಹೊಂದಿಸಿ ಪಡೆದದ್ದು. ಸದೃಶವಾದುದರಿಂದ ಉಳಿದವೋ, ಉಳಿದುದರಿಂದ ಸದೃಶವೆನಿಸಿದವೋ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಕಾಸರಗೋಡಿಗೆ ಬಂದರೆ ‘ಎರಡು ಭಾಷೆಗಳು’ ಎಂಬ ಗೃಹೀತವೇ ಕುಸಿಯುತ್ತದೆ. ಅಲ್ಲಿ ಮನೆಮಾತು ತುಳು, ಕೊಂಕಣಿ, ಮರಾಠಿ, ಬ್ಯಾರಿ ಅಥವಾ ಹವ್ಯಕ ಕನ್ನಡವಾಗಿರಬಹುದು, ಓದುಬರಹ ಕನ್ನಡದಲ್ಲಿರಬಹುದು, ಕಚೇರಿಯದು ಮಲೆಯಾಳ. ತುಳು ಮನೆಯ ಹುಡುಗಿಯೊಬ್ಬಳು ಕನ್ನಡ ಮಾಧ್ಯಮದಲ್ಲಿ ಓದಿದರೆ ಅವಳು ಯಾವ ಭಾಷೆಯ ಲೆಕ್ಕಕ್ಕೆ ಸೇರುತ್ತಾಳೆ? ಜನಗಣತಿ ಒಂದು ಮಾತೃಭಾಷೆಯನ್ನೂ, ತಿಳಿದಿರುವ ಬೇರೆ ಎರಡು ಭಾಷೆಗಳನ್ನೂ ದಾಖಲಿಸುತ್ತದೆ. ಮೊದಲ ಅಂಕಣವನ್ನಷ್ಟೇ ಎಣಿಸಿದರೆ ಅವಳ ಕನ್ನಡ ಲೆಕ್ಕಕ್ಕಿಲ್ಲ. ಇದು ಬರಿಯ ವಿದ್ವತ್ತಿನ ತಕರಾರಲ್ಲ: ಶಾಲೆ, ಅಧ್ಯಾಪಕ ಹುದ್ದೆ, ಕಚೇರಿ ಪತ್ರವ್ಯವಹಾರಗಳ ಹಕ್ಕೊತ್ತಾಯ ನಿಲ್ಲುವುದು ಇಂಥ ಎಣಿಕೆಯ ಮೇಲೆಯೇ.

ಪ್ರತಿಷ್ಠೆಯ ವಿಷಯದಲ್ಲಿ ಮೂಲ ಲೇಖಕರಿಗೆ ನ್ಯಾಯ ಸಲ್ಲಬೇಕು. ನೀತಿ, ಶಿಕ್ಷಣ, ಪ್ರಚಾರಗಳಿಂದ ಅದನ್ನು ಏರಿಸಬಹುದೆಂದು ಅವರೇ ಹೇಳುತ್ತಾರೆ. ಕ್ವಿಬೆಕ್‌ನ ಫ್ರೆಂಚನ್ನು ಉದಾಹರಿಸುತ್ತಾರೆ. ಆದರೂ ಸಮೀಕರಣದಲ್ಲಿ ಅದು ಸ್ಥಿರಾಂಕ. ಕಾಸರಗೋಡಿನಲ್ಲಿ ಅದು ಸ್ಥಿರವಾಗಿದ್ದುದೇ ಇಲ್ಲ. 1956ರ ನವೆಂಬರ್ 1ರಂದು ಪ್ರದೇಶ ಕೇರಳಕ್ಕೆ ಸೇರಿದಾಗ ಆಡುಗರ ಸಂಖ್ಯೆ ಬದಲಾಗಲಿಲ್ಲ. ಆಡಳಿತದ ಭಾಷೆ ಬದಲಾಯಿತು. ಚಂದ್ರಗಿರಿಯ ಉತ್ತರ ಭಾಗ ಕರ್ನಾಟಕಕ್ಕೆ ಸೇರಬೇಕೆಂಬ 1967ರ ಮಹಾಜನ ವರದಿ ಜಾರಿಯಾಗಲಿಲ್ಲ. ಕೇರಳವು 2017ರಲ್ಲಿ ಶಾಲೆಗಳಲ್ಲಿ ಮಲೆಯಾಳ ಕಲಿಕೆಯನ್ನು ಕಡ್ಡಾಯಗೊಳಿಸ ಹೊರಟಾಗ ಕನ್ನಡಿಗರು ಪ್ರತಿಭಟಿಸಿದರು. ಇಂಥ ಒಂದೊಂದು ಘಟನೆಯೂ ಪ್ರತಿಷ್ಠೆಯನ್ನು ಒಮ್ಮೆಲೇ ಮೇಲಕ್ಕೋ ಕೆಳಕ್ಕೋ ಜಿಗಿಸಬಲ್ಲದು. ನಯವಾಗಿ ಇಳಿಯುವ ವಕ್ರರೇಖೆಯಲ್ಲಿ ಅದು ಕಾಣುವುದಿಲ್ಲ.

ಯಂತ್ರಕಲಿಕೆಯ ತಂತ್ರಜ್ಞಾನ ಈಗ ಇನ್ನೊಂದು ತೊಡಕನ್ನು ಸೇರಿಸಿದೆ. ಹೆಚ್ಚು ಪಠ್ಯವಿರುವ ಭಾಷೆಗೆ ಉತ್ತಮ ಅನುವಾದಕ, ಉತ್ತಮ ಧ್ವನಿಗ್ರಾಹಕ ದೊರೆಯುತ್ತವೆ. ಅವುಗಳಿಂದ ಬಳಕೆ ಹೆಚ್ಚುತ್ತದೆ. ಬಳಕೆಯಿಂದ ಮತ್ತಷ್ಟು ಪಠ್ಯ. ಕನ್ನಡವನ್ನು ಒಟ್ಟಾಗಿ ನೋಡಿದರೆ ಅದು ಈ ಸುತ್ತಿನೊಳಗೆ ತಕ್ಕಮಟ್ಟಿಗೆ ಪ್ರವೇಶಿಸಿದೆ. ಗಡಿನಾಡಿನ ಕನ್ನಡಗಳು, ಕುಂಬಳೆಯದಿರಲಿ, ತಾಳವಾಡಿಯದಿರಲಿ, ಜತ್ತದ್ದಿರಲಿ, ಈ ಸುತ್ತಿಗೆ ತಮ್ಮ ಪಠ್ಯವನ್ನು ಸಲ್ಲಿಸುವುದು ಅತ್ಯಲ್ಪ. ಅಂದರೆ ಪ್ರತಿಷ್ಠೆ ಇನ್ನು ಆಡುಗರ ಸಂಖ್ಯೆಯೊಡನೆ ತಾನೂ ಚಲಿಸುವ ಚರಾಂಕ. ಇದನ್ನು ಒಳಗೊಳ್ಳುವ ಮಾದರಿಗೆ ಬೇಕಾದ ದತ್ತಾಂಶ ಜನಗಣತಿಯ ಕೋಷ್ಟಕಗಳಲ್ಲಿಲ್ಲ. ಒಂದು ಮನೆಯಲ್ಲಿ ಅಜ್ಜಿಯೊಡನೆ ಯಾವ ಮಾತು, ಅಂಗಡಿಯಲ್ಲಿ ಯಾವುದು, ಫೋನಿನಲ್ಲಿ ಬರೆಯುವುದು ಯಾವ ಲಿಪಿಯಲ್ಲಿ ಎಂದು ಮನೆಮನೆಗೆ ಹೋಗಿಯೇ ಕೇಳಬೇಕು.