ವೇಷವೂ ಗುರುತೂ

ಒಗಟನ್ನು ಬಿಡಿಸುವುದರಲ್ಲಿ ಒಂದು ಸುಖವುಂಟು. ಕಥೆಯನ್ನು ಅರಿಯುವುದರಲ್ಲಿ ಇನ್ನೊಂದು. ಇವೆರಡೂ ಒಂದೇ ಎಂದು ಭ್ರಮಿಸುವುದು ಸುಲಭ. ಈ ಭ್ರಮೆಯನ್ನು ಪರೀಕ್ಷಿಸಲು ಅಮೆರಿಕದ ‘ಒನ್ಸ್ ಅಪಾನ್ ಎ ಟೈಮ್’ ಎಂಬ ದೂರದರ್ಶನದ ಧಾರಾವಾಹಿಯು ತಕ್ಕ ನಿದರ್ಶನವೆಂದು ನಮಗೆ ತೋರುತ್ತದೆ. 2011ರಿಂದ 2018ರ ವರೆಗೆ ಪ್ರಸಾರವಾದ ಈ ಕಥೆಯಲ್ಲಿ, ಅಜ್ಜಿಕಥೆಗಳ ಮತ್ತು ಗ್ರಂಥಗಳ ಪಾತ್ರಗಳು ರಾಣಿಯೊಬ್ಬಳ ಶಾಪದಿಂದ ತಮ್ಮ ಪೂರ್ವವನ್ನು ಮರೆತು, ಸ್ಟೋರಿಬ್ರೂಕ್ ಎಂಬ ಸಣ್ಣ ಊರಿನಲ್ಲಿ ಸಾಮಾನ್ಯರಂತೆ ಬಾಳುತ್ತಿರುತ್ತವೆ. ಹೀಗಿರಲು, ಇವನು ಯಾರು, ಅವಳು ಯಾರು ಎಂಬ ಊಹಾಪೋಹವು ಪ್ರೇಕ್ಷಕರಲ್ಲಿ ಹುಟ್ಟಿದುದು ಸಹಜವೇ.

ಆ ಊರಿನ ವೈದ್ಯನಾದ ಡಾಕ್ಟರ್ ವ್ಹೇಲನನ್ನು ನೋಡೋಣ. ವ್ಹೇಲ್ ಎಂದರೆ ತಿಮಿಂಗಿಲ. ಹೆಸರನ್ನೇ ಹಿಡಿದು ಹೊರಟವನು 1940ರ ‘ಪಿನೋಕಿಯೋ’ ಚಲಚ್ಚಿತ್ರದ ತಿಮಿಂಗಿಲದ ಬಳಿಗೆ ಹೋಗಿ ನಿಲ್ಲುವನು. ಆದರೆ 2012ರಲ್ಲಿ ಹೊರಬಿದ್ದ ಗುರುತೇ ಬೇರೆ: ಅವನು ಮೇರಿ ಶೆಲ್ಲಿಯ ವಿಕ್ಟರ್ ಫ್ರಾಂಕೆನ್‌ಸ್ಟೈನ್. ಹೆಸರು ನೆನಪಿಸಿದುದು ಜಲಚರವನ್ನಲ್ಲ, 1931ರ ‘ಫ್ರಾಂಕೆನ್‌ಸ್ಟೈನ್’ ಚಿತ್ರವನ್ನು ನಿರ್ದೇಶಿಸಿದ ಜೇಮ್ಸ್ ವ್ಹೇಲನನ್ನು. ಇದನ್ನು ಮೊದಲೇ ಊಹಿಸಿದವನು ಜಾಣನೇ ಸರಿ. ಅಷ್ಟರಿಂದಲೇ ಅವನಿಗೆ ಆ ವೈದ್ಯನು ತಿಳಿದನೆ?

ಅರಿಸ್ಟಾಟಲನು ತನ್ನ ಕಾವ್ಯಮೀಮಾಂಸೆಯಲ್ಲಿ ಗುರುತು ಹತ್ತುವ ಬಗೆಗಳನ್ನು ವಿಂಗಡಿಸಿ, ಗಾಯದ ಕಲೆ, ಕಂಠಹಾರ ಮೊದಲಾದ ಚಿಹ್ನೆಗಳಿಂದಾಗುವುದನ್ನು ಕೀಳೆಂದೂ, ಘಟನೆಗಳಿಂದಲೇ ಮೂಡುವುದನ್ನು ಮೇಲೆಂದೂ ಎಣಿಸಿದನು. ವ್ಹೇಲನೆಂಬ ಹೆಸರು ಅಂಥದೊಂದು ಕಂಠಹಾರ. ನಿಜವಾದ ಗುರುತು, ಸತ್ತವರನ್ನು ಎಬ್ಬಿಸುವೆನೆಂಬ ಅವನ ಛಲದಲ್ಲಿದೆ. ಮೂಲದಲ್ಲಿ ವಿಕ್ಟರನು ಹೊಸ ಜೀವಿಯೊಂದನ್ನು ನಿರ್ಮಿಸುತ್ತಾನೆ. ಆ ಜೀವಿಯು ಅವನ ತಮ್ಮನಾದ ವಿಲಿಯಮನನ್ನು ಕೊಲ್ಲುತ್ತದೆ. ಧಾರಾವಾಹಿಯಲ್ಲಾದರೋ ಮೊದಲು ಸಾಯುವವನೇ ಸೋದರ; ಅವನನ್ನೇ ವಿಕ್ಟರನು ಎಬ್ಬಿಸಲೆಳಸುತ್ತಾನೆ. ಅಹಂಕಾರದ ಕಥೆ ಇಲ್ಲಿ ಶೋಕದ ಕಥೆಯಾಗಿದೆ. ಇದನ್ನು ಕಾಣದೆ, ‘ಇವನು ಫ್ರಾಂಕೆನ್‌ಸ್ಟೈನ್’ ಎಂದಷ್ಟೇ ಹೇಳಿ ತೃಪ್ತನಾದವನಿಗೆ ಹೆಸರು ದೊರೆಯಿತು, ಮನುಷ್ಯನು ದೊರೆಯಲಿಲ್ಲ.

ಆಗಸ್ಟ್ ಬೂತನೆಂಬ ಲೇಖಕನ ವಿಷಯದಲ್ಲಿ ಕಥೆಯೊಳಗಿನವರೇ ತಪ್ಪುತ್ತಾರೆ. ಅಂಗಡಿಯ ಗೋಲ್ಡನು ಅವನನ್ನು ಕಳೆದುಹೋದ ತನ್ನ ಮಗನೆಂದು ನಂಬುತ್ತಾನೆ. ದಿಟವಾಗಿ ಅವನು ಪಿನೋಕಿಯೋ. ಮತ್ತೆ ಮರವಾಗುತ್ತಿರುವ ಅವನ ಕಾಲು ಚಿಹ್ನೆ ಮಾತ್ರ. ಶಿಶುವೊಂದನ್ನು ಕಾಯುವೆನೆಂದು ತಂದೆಗೆ ಕೊಟ್ಟ ಮಾತನ್ನು ಮುರಿದು ಓಡಿಹೋದುದೇ ಗುರುತು. ಕೊಲ್ಲೋಡಿಯ ಗೊಂಬೆಯೂ ಹೀಗೆಯೇ ಮಾತು ತಪ್ಪಿ ಓಡಿದವನಲ್ಲವೆ?

ಊಹಿಸಬಾರದೆಂದು ನಾವು ಹೇಳುವುದಿಲ್ಲ. ಊಹೆಯು ಪ್ರೇಕ್ಷಕನ ಕೈಗೆ ಮೂಲಗ್ರಂಥವನ್ನು ಕೊಟ್ಟರೆ ಅದು ಸಾರ್ಥಕವೇ. ಹೆಸರಿನ ಬಳಿಯೇ ನಿಂತುಬಿಡುವುದು ಮಾತ್ರ ನಷ್ಟ. ಇದಕ್ಕೆ ‘ಫ್ರಾಂಕೆನ್‌ಸ್ಟೈನ್’ ಗ್ರಂಥದ ಚರಿತ್ರೆಯೇ ಸಾಕ್ಷಿ. 1818ರಲ್ಲಿ ಅದು ಕರ್ತೃವಿನ ಹೆಸರಿಲ್ಲದೆ ಅಚ್ಚಾಯಿತು. ಅದನ್ನು ವಿಮರ್ಶಿಸಿದ ವಾಲ್ಟರ್ ಸ್ಕಾಟನು ಕರ್ತೃ ಪರ್ಸಿ ಶೆಲ್ಲಿಯೆಂದು ತಿಳಿದನು. ಆದರೂ ಗ್ರಂಥದ ಪ್ರತಿಭೆಯನ್ನು ಮನಗಂಡು ಮೆಚ್ಚಿದನು. ಹೆಂಡತಿಯ ಕೃತಿಯನ್ನು ಗಂಡನದೆಂದು ಬಗೆದವನ ಊಹೆ ತಪ್ಪಿತು, ಓದು ತಪ್ಪಲಿಲ್ಲ. ಊಹೆ ಸರಿಯಾಗಿ ಓದು ತಪ್ಪುವುದಕ್ಕಿಂತ ಇದೇ ಲೇಸಲ್ಲವೆ?