ಕಾವೇರಿಯ ಸುತ್ತಲಿನವರು

ಕಾದಂಬರಿ ಓದಿ ಮುಗಿಸಿದ ಮೇಲೆ ನಾಯಕಿಯಿಂದ ಏನು ಕಲಿತೆವೆಂದು ಹೇಳಿಕೊಳ್ಳುವುದು ನಮ್ಮಲ್ಲಿ ವಾಡಿಕೆ. ತ್ರಿವೇಣಿಯವರ 'ಶರಪಂಜರ'ದ ಮಟ್ಟಿಗೆ ನಾನು ಕಲಿತದ್ದು ಕಾವೇರಿಯಿಂದಲ್ಲ, ಅವಳ ಸುತ್ತಲಿನವರಿಂದ. ಹೇಗಿರಬಾರದು ಎಂಬುದನ್ನು ಅವರು ಚೆನ್ನಾಗಿ ಕಲಿಸುತ್ತಾರೆ.

ಕತೆ ಗೊತ್ತಿದ್ದದ್ದೇ. ಬಾಣಂತಿತನದಲ್ಲಿ ಮನಸ್ಸು ಕದಡಿದ ಕಾವೇರಿ ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬರುತ್ತಾಳೆ. 1971ರ ಸಿನಿಮಾ ನೋಡಿದವರಿಗೆ ಕಲ್ಪನಾ ಅವರ ಕಣ್ಣು, ಅಬ್ಬರದ ನಗು ನೆನಪಾಗುತ್ತವೆ. ಪುಸ್ತಕದಲ್ಲಿ ನನ್ನನ್ನು ನಡುಗಿಸಿದ್ದು ಅವಳ ಕಾಯಿಲೆಯಲ್ಲ, ಗುಣವಾದ ಮೇಲಿನ ದಿನಗಳು. ಅವಳು ನಕ್ಕರೂ ಅನುಮಾನ, ಸಿಟ್ಟಾದರೂ ಅನುಮಾನ. ನಾವು ಸಾರಿಗೆ ಎರಡು ಸಲ ಉಪ್ಪು ಹಾಕಿದರೆ ಅದು ಮರೆವು. ಅಂಥವಳು ಹಾಕಿದರೆ ಅದೇ ರೋಗ. ಮನಶ್ಶಾಸ್ತ್ರ ಓದಿಕೊಂಡಿದ್ದ ಲೇಖಕಿಗೆ ಈ ಸೂಕ್ಷ್ಮ ತಿಳಿದಿತ್ತು. ಮೂವತ್ತೈದು ತುಂಬುವ ಮೊದಲೇ, 1963ರಲ್ಲಿ, ಹೆರಿಗೆಯಾದ ಕೆಲವೇ ದಿನಗಳಲ್ಲಿ ಅವರು ತೀರಿಕೊಂಡದ್ದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ನನ್ನದೊಂದು ತಕರಾರಿದೆ. ಗಂಡ ಸತೀಶನಿಗೆ ವಿಮಲಳ ಸಂಬಂಧ ಕಟ್ಟಿದ್ದರಿಂದ ಓದುಗರಿಗೆ ಕೆಲಸ ಸುಲಭವಾಯಿತು. ಕೆಟ್ಟ ಗಂಡನೊಬ್ಬ ಸಿಕ್ಕಿದನಲ್ಲ, ಅವನನ್ನು ಬೈದು ಪುಸ್ತಕ ಮುಚ್ಚಬಹುದು. ಅವನು ಒಳ್ಳೆಯವನೇ ಆಗಿದ್ದು, ಬರೀ ಹೆದರಿಕೆಯಿಂದ ದೂರ ಸರಿದಿದ್ದರೆ? ಕಾವೇರಿಯ ಗತಿ ಬಹುಶಃ ಅದೇ ಆಗುತ್ತಿತ್ತು, ಬೈಯಲು ಮಾತ್ರ ನಮಗೆ ಯಾರೂ ಸಿಗುತ್ತಿರಲಿಲ್ಲ.

ಹಾಗೆ ಬರೀ ಹೆದರಿಕೊಂಡ ಒಳ್ಳೆಯ ಜನರನ್ನು ನಾನು ಕಂಡಿದ್ದೇನೆ. ನಮ್ಮ ಬಳಗದ ಹುಡುಗಿಯೊಬ್ಬಳಿಗೆ ಚೊಚ್ಚಲ ಹೆರಿಗೆಯಲ್ಲಿ ಹೀಗೇ ಆಯಿತು. ಹಳಬರು ಬಾಣಂತಿ ಸನ್ನಿ ಎಂದರು. ಪುಣ್ಯಕ್ಕೆ ತಾಯಿತ ಕಟ್ಟಿಸುತ್ತ ಕೂರದೆ ಆಸ್ಪತ್ರೆಗೆ ಸೇರಿಸಿದರು. ಗುಣವಾಗಿ ಬಂದಳು. ಮಗುವನ್ನು ಅವಳೇ ನೋಡಿಕೊಳ್ಳಬಹುದೆಂದು ವೈದ್ಯರೂ ಹೇಳಿದ್ದರು. ಆದರೂ ಮಗು ಅತ್ತಾಗಲೆಲ್ಲ ಬೇರೆ ಯಾರೋ ಎದ್ದು ಓಡುತ್ತಿದ್ದರು. ಹುಡುಗಿ ಚಾಚಿದ ಕೈಯನ್ನು ಹಾಗೇ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದಳು. ಈಳಿಗೆಮಣೆ ಅಟ್ಟ ಸೇರಿತ್ತು.

ನನಗೆ ತಟ್ಟನೆ ಕಾವೇರಿ ನೆನಪಾದಳು. "ಅತ್ತಿಗೆ, ಅವಳಿಗೆ ಕೊಡಿ," ಎಂದೆ. ಅವಳ ಅತ್ತೆ ನನ್ನ ಮುಖ ನೋಡಿದರು, ಮಗನ ಮುಖ ನೋಡಿದರು. ಆಮೇಲೆ ಮಗುವನ್ನು ಸೊಸೆಯ ಮಡಿಲಲ್ಲಿಟ್ಟು ಪಕ್ಕದಲ್ಲೇ ಕುಳಿತರು.

ಈಳಿಗೆಮಣೆ ಕೆಳಗಿಳಿಯಲು ಇನ್ನೂ ಒಂದು ತಿಂಗಳು ಹಿಡಿಯಿತು.